ಶುಶ್ರೂಷಾಲಯದ ಗುಣಮಟ್ಟ: ರೋಗಿಯ ಮಾತು, ಮನೆಯವರ ಸಾಕ್ಷಿ

ಮುಪ್ಪಿನ ಆರೈಕೆ ಮನೆಯೊಳಗೇ ನಡೆಯಬೇಕೆಂಬುದು ನಮ್ಮ ಹಿರಿಯರ ಆಶಯ. ಆದರೆ ಆಶಯವೊಂದೇ ಆರೈಕೆಯಾಗಲಾರದು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಂದೆಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಹಗಲಿರುಳುಗಳ ಅರಿವನ್ನೇ ಕಳೆದುಕೊಂಡ ತಾಯಿಯನ್ನು ಇರುಳೆಲ್ಲ ಎಚ್ಚರವಿದ್ದು ಕಾಯುವುದು, ಮೂಗಿನ ನಳಿಕೆಯ ಮೂಲಕ ಆಹಾರ ಕೊಡುವುದು ಇವೆಲ್ಲ ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಬಹುಕಾಲ ಸಾಗುವ ಕೆಲಸಗಳಲ್ಲ. ಆಗ ಕುಟುಂಬವು ನೋವಿನಿಂದಲೇ ಒಂದು ಶುಶ್ರೂಷಾಲಯದ ಬಾಗಿಲಿಗೆ ಬರುತ್ತದೆ. ಕಟ್ಟಡ ಅಚ್ಚುಕಟ್ಟಾಗಿದೆ, ನೆಲ ಹೊಳೆಯುತ್ತಿದೆ, ವ್ಯವಸ್ಥಾಪಕರು ವಿನಯದಿಂದ ಮಾತನಾಡುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ತಂದೆಗೆ ಬಾಯಾರಿದರೆ ನೀರು ಕೊಡುವವರು ಯಾರು? ಹೊಳೆಯುವ ನೆಲ ಈ ಪ್ರಶ್ನೆಗೆ ಉತ್ತರ ಹೇಳಲಾರದು. ಅಲ್ಲಿ ಇದ್ದವರು, ಅಲ್ಲಿಗೆ ದಿನವೂ ಹೋಗಿಬರುವವರು ಹೇಳಬಲ್ಲರು.

ಅಂಥವರ ಅನಿಸಿಕೆಗಳಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು, ಅವುಗಳನ್ನು ಓದುವ ಕ್ರಮ ಯಾವುದು ಎಂಬುದೇ ಈ ಲೇಖನದ ವಿಷಯ. ಈ ಬಗ್ಗೆ ದೀರ್ಘಕಾಲದ ಅನುಭವವೂ ಅಧ್ಯಯನವೂ ಇರುವ ದೇಶ ಅಮೆರಿಕ. ಆದ್ದರಿಂದ ಮೊದಲು ಅಲ್ಲಿನ ಸಂಗತಿಗಳನ್ನು ನೋಡಿ, ಬಳಿಕ ನಮ್ಮ ನಾಡಿಗೆ ಬರೋಣ.

ಶುಶ್ರೂಷಾಲಯ ಎಂದರೆ

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ನಡೆಯುವ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಅರ್ಥ ಬೇರೆ. ತಮ್ಮ ದೈನಂದಿನ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದವರು ತಿಂಗಳು, ವರ್ಷಗಟ್ಟಲೆ ವಾಸಿಸುವ ಶುಶ್ರೂಷಾ ಕೇಂದ್ರವದು. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಚೇತರಿಸಿಕೊಳ್ಳಲು ಬರುವವರೂ ಅಲ್ಲಿರುತ್ತಾರೆ. ಇಂತಹ ಸುಮಾರು 15 ಸಾವಿರ ಕೇಂದ್ರಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಈ ಲೇಖನದಲ್ಲಿ ಶುಶ್ರೂಷಾಲಯವೆಂದರೆ ಇಂತಹ ವಾಸದ ಕೇಂದ್ರವೆಂದೇ ತಿಳಿಯಬೇಕು.

ನಿವಾಸಿಗಳನ್ನೇ ಕೇಳಿದಾಗ

ಬಹುಕಾಲ ಅಲ್ಲಿಯೂ ಗುಣಮಟ್ಟವನ್ನು ಅಳೆಯುತ್ತಿದ್ದವರು ಅಧಿಕಾರಿಗಳೇ. ಕಟ್ಟಡದ ಅಗಲ, ಅಗ್ನಿಸುರಕ್ಷತೆ, ದಾಖಲೆ ಪುಸ್ತಕ ಸರಿಯಿದ್ದರೆ ಶುಶ್ರೂಷಾಲಯವೂ ಸರಿ ಎಂಬ ಭಾವನೆಯಿತ್ತು. 1975ರಲ್ಲಿ ಎಲ್ಮಾ ಹೋಲ್ಡರ್ ಎಂಬ ಮಹಿಳೆ ಶುಶ್ರೂಷಾಲಯಗಳ ಸುಧಾರಣೆಗಾಗಿ ನಾಗರಿಕರ ಒಂದು ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. 1985ರಲ್ಲಿ ಆ ಒಕ್ಕೂಟವು 15 ನಗರಗಳ 400ಕ್ಕೂ ಹೆಚ್ಚು ನಿವಾಸಿಗಳನ್ನು ಕೂಡಿಸಿ, ಒಳ್ಳೆಯ ಆರೈಕೆ ಎಂದರೆ ಯಾವುದು ಎಂಬ ನೇರ ಪ್ರಶ್ನೆಯನ್ನು ಕೇಳಿತು. ಅವರು ಎಲ್ಲಕ್ಕಿಂತ ಮುಂದೆ ಇಟ್ಟದ್ದು ಸಿಬ್ಬಂದಿಯನ್ನು: ಕೆಲಸ ಬಲ್ಲವರೂ ಅಂತಃಕರಣವುಳ್ಳವರೂ ಸಾಕಷ್ಟು ಸಂಖ್ಯೆಯಲ್ಲಿರಬೇಕು. ಊಟದ ರುಚಿ ಮತ್ತು ದಿನಚರಿಯಲ್ಲಿ ತಮ್ಮ ಇಚ್ಛೆಗೆ ಸಲ್ಲುವ ಮನ್ನಣೆಯೂ ಅವರಿಗೆ ಮುಖ್ಯವಾಗಿದ್ದವು.

ಮರುವರ್ಷ, 1986ರಲ್ಲಿ, ಅಲ್ಲಿನ ವೈದ್ಯವಿಜ್ಞಾನ ಸಂಸ್ಥೆಯು ಶುಶ್ರೂಷಾಲಯಗಳ ಗುಣಮಟ್ಟವನ್ನು ಕುರಿತು ವಿಸ್ತಾರವಾದ ವರದಿಯನ್ನು ನೀಡಿತು. 1987ರಲ್ಲಿ ಶುಶ್ರೂಷಾಲಯ ಸುಧಾರಣಾ ಕಾಯ್ದೆ ಬಂದಿತು. ಪ್ರತಿಯೊಬ್ಬ ನಿವಾಸಿಗೂ ಆರೈಕೆಯ ಪ್ರತ್ಯೇಕ ಯೋಜನೆ, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದಕ್ಕೂ ಔಷಧ ಕೊಟ್ಟು ಮಂಕುಮಾಡುವುದಕ್ಕೂ ನಿಷೇಧ, ಸೇಡಿನ ಭಯವಿಲ್ಲದೆ ದೂರು ಹೇಳುವ ಹಕ್ಕು, ಕುಟುಂಬದವರು ಸಭೆ ಸೇರುವ ಹಕ್ಕು ಇವೆಲ್ಲ ಆ ಕಾಯ್ದೆಯಲ್ಲಿ ಸೇರಿದವು. ಹಾಸಿಗೆಯಲ್ಲಿದ್ದವರ ಮಾತಿಗೆ ಕಾನೂನಿನಲ್ಲಿ ಸ್ಥಾನ ದೊರೆತದ್ದು ಹೀಗೆ.

ನಕ್ಷತ್ರಗಳು ಹೇಳುವುದು, ಹೇಳದಿರುವುದು

1998ರಿಂದ ಅಮೆರಿಕದ ಕೇಂದ್ರ ಸರ್ಕಾರವು ಶುಶ್ರೂಷಾಲಯಗಳ ಮಾಹಿತಿಯನ್ನು ಸಾರ್ವಜನಿಕರಿಗೆ ಒದಗಿಸುತ್ತ ಬಂದಿದೆ. 2008ರ ಡಿಸೆಂಬರಿನಲ್ಲಿ ಒಂದರಿಂದ ಐದು ನಕ್ಷತ್ರಗಳ ಶ್ರೇಣಿ ಜಾರಿಗೆ ಬಂದಿತು. ಇದಕ್ಕೆ ಆಧಾರಗಳು ಮೂರು: ತಪಾಸಣಾಧಿಕಾರಿಗಳ ವರದಿ, ಸಿಬ್ಬಂದಿಯ ಪ್ರಮಾಣ, ಆರೋಗ್ಯದ ಸೂಚಕಗಳು. ಮೊದಮೊದಲು ಸಿಬ್ಬಂದಿಯ ಲೆಕ್ಕವನ್ನು ಸಂಸ್ಥೆಗಳೇ ಬರೆದು ಕೊಡುತ್ತಿದ್ದವು. 2016ರಿಂದ ಸಂಬಳದ ದಾಖಲೆಯ ಆಧಾರದ ಮೇಲೆ ಆ ಲೆಕ್ಕ ಕೊಡಬೇಕೆಂಬ ನಿಯಮ ಬಂತು. 2022ರಲ್ಲಿ ವಾರಾಂತ್ಯದ ಸಿಬ್ಬಂದಿ ಎಷ್ಟು, ಕೆಲಸ ಬಿಟ್ಟುಹೋಗುವವರೆಷ್ಟು ಎಂಬ ಅಂಶಗಳನ್ನೂ ಶ್ರೇಣಿಗೆ ಸೇರಿಸಲಾಯಿತು. ಶನಿವಾರ, ಭಾನುವಾರಗಳಂದು ಕರೆದರೆ ಯಾರೂ ಬರುವುದಿಲ್ಲವೆಂದೂ ಪ್ರತಿಸಲ ಹೊಸ ಮುಖವೇ ಕಾಣುತ್ತದೆಂದೂ ಮನೆಯವರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದರು. ಅವರು ಕಣ್ಣಿನಿಂದ ಕಂಡದ್ದು ಲೆಕ್ಕಕ್ಕೆ ಬರಲು ಇಷ್ಟು ಕಾಲ ಬೇಕಾಯಿತು.

ನಿವಾಸಿಗಳ ಮತ್ತು ಕುಟುಂಬದವರ ಸಂತೃಪ್ತಿಯು ಆ ಕೇಂದ್ರ ಶ್ರೇಣಿಯಲ್ಲಿ ಸೇರಿಲ್ಲ. ಆದರೆ ಕೆಲವು ರಾಜ್ಯಗಳು ಆ ಕೊರತೆಯನ್ನು ತುಂಬಿಕೊಂಡಿವೆ. ಮಿನ್ನೆಸೋಟದಲ್ಲಿ ನಿವಾಸಿಗಳನ್ನು ಎದುರು ಕುಳಿತು ಸಂದರ್ಶಿಸಿ ಅದರ ಫಲಿತಾಂಶವನ್ನು ಪ್ರಕಟಿಸುತ್ತಾರೆ. ಓಹಾಯೋ ರಾಜ್ಯದಲ್ಲಿ ನಿವಾಸಿಗಳಿಗೂ ಕುಟುಂಬಗಳಿಗೂ ಪ್ರತ್ಯೇಕ ಸಮೀಕ್ಷೆಗಳಿವೆ. ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯೂ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದೆ. ಅದರಲ್ಲಿ ಕುಟುಂಬದವರಿಗಿರುವ ಒಂದು ಪ್ರಶ್ನೆಯ ಭಾವ ಗಮನಾರ್ಹವಾದುದು. ಭೇಟಿಗೆ ಹೋದಾಗ ನಿಮ್ಮವರಿಗೆ ನೀವೇ ಉಣ್ಣಿಸಿದಿರಾ ಎಂದು ಮೊದಲು ಕೇಳುತ್ತಾರೆ. ಹೌದೆಂದರೆ, ಸಿಬ್ಬಂದಿ ಉಣ್ಣಿಸದೆ ಇದ್ದುದರಿಂದ ಅಥವಾ ಬಹಳ ಹೊತ್ತು ಕಾಯಿಸಿದ್ದರಿಂದ ಹಾಗೆ ಮಾಡಬೇಕಾಯಿತೇ ಎಂದು ಕೇಳುತ್ತಾರೆ. ಪ್ರೀತಿಯಿಂದ ಉಣ್ಣಿಸಿದ ತುತ್ತು ಬೇರೆ, ಬೇರೆ ದಾರಿಯಿಲ್ಲದೆ ಉಣ್ಣಿಸಿದ ತುತ್ತು ಬೇರೆ. ಇದನ್ನು ಬೇರ್ಪಡಿಸಿ ಹೇಳಬಲ್ಲವರು ಮನೆಯವರು ಮಾತ್ರ.

ಸಾಮಾನ್ಯ ಮಾತಿನಲ್ಲಿ ಅಡಗಿದ ವೈದ್ಯಕೀಯ ಅರ್ಥ

ಕುಟುಂಬದವರ ಅನಿಸಿಕೆಗಳು ವೈದ್ಯಕೀಯ ಪರಿಭಾಷೆಯಲ್ಲಿ ಇರುವುದಿಲ್ಲ. ಹಾಗೆಂದು ಅವುಗಳಲ್ಲಿ ವೈದ್ಯಕೀಯ ಸಂಗತಿ ಇಲ್ಲವೆನ್ನಲಾಗದು. ಪದೇ ಪದೇ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

“ಗಂಟೆ ಒತ್ತಿದರೂ ಅರ್ಧ ಗಂಟೆ ಯಾರೂ ಬರಲಿಲ್ಲ.” ಇದು ಕೇವಲ ಅಸಹನೆಯ ಮಾತೆಂದು ತೋರಬಹುದು. ಆದರೆ ವೃದ್ಧರು ಕರೆಗಂಟೆ ಒತ್ತುವುದು ಬಹುಪಾಲು ಶೌಚಕ್ಕಾಗಿ. ಯಾರೂ ಬಾರದಿದ್ದರೆ ಅವರು ತಾವೇ ಏಳಲು ಹೋಗುತ್ತಾರೆ, ಬೀಳುತ್ತಾರೆ, ತೊಡೆಯ ಮೂಳೆ ಮುರಿಯುತ್ತದೆ. ಏಳಲಾಗದವರು ಒದ್ದೆಯಲ್ಲೇ ಮಲಗಿರುತ್ತಾರೆ. ನೆನೆದ ಚರ್ಮದ ಮೇಲೆ ದೇಹದ ಭಾರ ಬಿದ್ದಾಗ ರಕ್ತಸಂಚಾರ ಕುಗ್ಗಿ, ಸೊಂಟದ ಕೆಳಭಾಗದಲ್ಲಿ ಮತ್ತು ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಹುಟ್ಟುತ್ತದೆ. ಗಂಟೆಯ ಬಗೆಗಿನ ದೂರು ಸಿಬ್ಬಂದಿಯ ಕೊರತೆಗೆ ಮೊದಲ ಸೂಚನೆ.

“ಊಟದ ತಟ್ಟೆ ಮುಟ್ಟದೆ ಹಾಗೆಯೇ ಹಿಂದಕ್ಕೆ ಹೋಗುತ್ತದೆ.” ಊಟ ಬಡಿಸಿದ್ದಾರೆಂದು ದಾಖಲೆ ಹೇಳುತ್ತದೆ. ಉಣ್ಣಿಸಲಾಯಿತೇ ಎಂಬುದನ್ನು ಹೇಳುವವರು ಮನೆಯವರು. ಕೈ ನಡುಗುವವರಿಗೆ, ನುಂಗಲು ಕಷ್ಟವಿರುವವರಿಗೆ ಒಂದು ಊಟಕ್ಕೆ ಅರ್ಧ ಗಂಟೆಗೂ ಹೆಚ್ಚು ಸಮಯ ಬೇಕಾಗಬಹುದು. ಅವಸರದಿಂದ ತುರುಕಿದರೆ ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯ ಬರುತ್ತದೆ. ಉಣ್ಣಿಸದೇ ಬಿಟ್ಟರೆ ತೂಕ ಇಳಿಯುತ್ತದೆ. ಒಂದು ತಿಂಗಳಲ್ಲಿ ದೇಹತೂಕದ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತಾನಾಗಿ ಇಳಿದರೆ ಅದನ್ನು ಗಂಭೀರವೆಂದು ಪರಿಗಣಿಸಬೇಕು. 50 ಕಿಲೋ ತೂಕದ ತಾಯಿ ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡರೆ ವೈದ್ಯರಿಗೆ ತಿಳಿಸಲೇಬೇಕು.

“ನೀರಿನ ಲೋಟ ಕೈಗೆಟುಕದಷ್ಟು ದೂರದಲ್ಲಿತ್ತು.” ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ನೀರು ಕೊಡದಿದ್ದರೆ ಅವರು ಕೇಳುವುದೂ ಇಲ್ಲ. ನೀರಿನಂಶ ಕುಗ್ಗಿದಾಗ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು, ಇದ್ದಕ್ಕಿದ್ದಂತೆ ಗೊಂದಲದ ಮಾತು ಕಾಣಿಸಿಕೊಳ್ಳುತ್ತವೆ. ಮುಪ್ಪಿನ ಅರಳುಮರಳೆಂದು ನಾವು ಸುಮ್ಮನಾಗುವ ಎಷ್ಟೋ ಸಂದರ್ಭಗಳಲ್ಲಿ ಮೂಲ ಕಾರಣ ಕುಡಿಯದೆ ಉಳಿದ ನೀರು.

“ಅಮ್ಮ ಯಾವಾಗ ಹೋದರೂ ನಿದ್ದೆಯಲ್ಲೇ ಇರುತ್ತಾರೆ.” ಕೆಲವರು ಇದನ್ನು ನೆಮ್ಮದಿಯ ಲಕ್ಷಣವೆಂದು ಬರೆಯುತ್ತಾರೆ. ಅದು ನಿಜವಾದ ನೆಮ್ಮದಿಯೂ ಇರಬಹುದು. ಆದರೆ ಮರೆಗುಳಿತನವುಳ್ಳವರ ಚಡಪಡಿಕೆಯನ್ನು ಅಡಗಿಸಲು ಮನೋರೋಗದ ಔಷಧಗಳನ್ನು ಕೊಡುವ ರೂಢಿಯೂ ಉಂಟು. ಮರೆಗುಳಿತನವಿರುವ ವೃದ್ಧರಲ್ಲಿ ಈ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿಯೇ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ. ಹಿಂದೆ ಮಾತನಾಡುತ್ತಿದ್ದವರು ಸದಾ ಮಂಪರಿನಲ್ಲಿದ್ದರೆ ಔಷಧಗಳ ಪಟ್ಟಿಯನ್ನು ಕೇಳಿ ನೋಡುವುದು ಮನೆಯವರ ಕರ್ತವ್ಯ.

“ಪ್ರತಿ ವಾರ ಹೊಸಬರೇ ಇರುತ್ತಾರೆ.” ಅಮೆರಿಕದ ಶುಶ್ರೂಷಾಲಯಗಳ ಸಂಬಳದ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಶುಶ್ರೂಷಾ ಸಿಬ್ಬಂದಿಯ ವಾರ್ಷಿಕ ಬದಲಾವಣೆಯ ಸರಾಸರಿ ಪ್ರಮಾಣ ನೂರಕ್ಕೆ ಸುಮಾರು 128 ಎಂದು ತೋರಿಸಿತು. ನೂರು ಹುದ್ದೆಗಳಿರುವಲ್ಲಿ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಯಾರೋ ಒಬ್ಬರು ಬಿಟ್ಟುಹೋಗುತ್ತಾರೆಂದು ಇದರ ಅರ್ಥ. ಅಜ್ಜನಿಗೆ ಎಡಗಿವಿ ಕೇಳಿಸದು, ಅಜ್ಜಿ ಮಾತ್ರೆಯನ್ನು ಪುಡಿಮಾಡಿ ಕೊಟ್ಟರೆ ಮಾತ್ರ ನುಂಗುತ್ತಾಳೆ ಎಂಬಂತಹ ತಿಳಿವಳಿಕೆ ಪುಸ್ತಕದಲ್ಲಿ ಇರುವುದಿಲ್ಲ, ಉಪಚರಿಸುವವಳ ಮನಸ್ಸಿನಲ್ಲಿರುತ್ತದೆ. ಅವಳು ಹೋದಾಗ ಅದೂ ಹೋಗುತ್ತದೆ. ನಿನ್ನೆಯ ಮುಖಕ್ಕೂ ಇಂದಿನ ಮುಖಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿ, ಸೋಂಕನ್ನು ಮೊದಲ ದಿನವೇ ಹಿಡಿಯಬಲ್ಲವಳು ಕೂಡ ಬಹುಕಾಲದಿಂದ ನೋಡುತ್ತ ಬಂದವಳೇ.

“ಕನ್ನಡಕ ಕಳೆಯಿತು, ಹಲ್ಲಿನ ಸೆಟ್ ಕಾಣೆಯಾಯಿತು.” ಸಣ್ಣ ದೂರೆನ್ನಿಸುವ ಇದರ ಪರಿಣಾಮ ದೊಡ್ಡದು. ಕನ್ನಡಕವಿಲ್ಲದವರು ಎಡವುತ್ತಾರೆ. ಹಲ್ಲಿಲ್ಲದವರು ಉಣ್ಣುವುದಿಲ್ಲ. ಕಿವಿಯ ಯಂತ್ರ ಕಳೆದವರು ಮಾತು ನಿಲ್ಲಿಸುತ್ತಾರೆ, ಅವರನ್ನು ಸಿಬ್ಬಂದಿ ಬುದ್ಧಿ ಮಂಕಾದವರೆಂದು ತಿಳಿಯುತ್ತಾರೆ.

ಅನಿಸಿಕೆಗಳ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಹಳ ನೊಂದವರು ಮತ್ತು ಬಹಳ ಸಂತೋಷಗೊಂಡವರು ತಮ್ಮ ಅನಿಸಿಕೆಯನ್ನು ಬರೆಯುತ್ತಾರೆ. ನಡುವಿನವರು ಮೌನವಾಗಿರುತ್ತಾರೆ. ಎರಡು ವಾರ ಇದ್ದು ಹೋದವರ ಅನುಭವವೂ ಎರಡು ವರ್ಷದಿಂದ ಇರುವವರ ಅನುಭವವೂ ಒಂದೇ ಆಗಿರಲಾರದು. ಮಗಳಿಗೆ ಮುಖ್ಯವೆನಿಸುವುದು ಸುರಕ್ಷತೆ; ತಾಯಿಗೆ ಮುಖ್ಯವೆನಿಸುವುದು ಬೆಳಿಗ್ಗೆ ತನಗೆ ಬೇಕಾದ ಹೊತ್ತಿಗೆ ಏಳುವುದು, ಬಿಸಿ ಚಹ ಸಿಗುವುದು. ಆದ್ದರಿಂದ ಮನೆಯವರ ಮಾತು ರೋಗಿಯ ಮಾತಿಗೆ ಪೂರ್ಣ ಬದಲಿಯಾಗದು. ತಂದೆತಾಯಿಯನ್ನು ಬಿಟ್ಟುಬಂದೆವೆಂಬ ಅಳುಕು ಕೆಲವರಲ್ಲಿ ಕೋಪವಾಗಿ ಹೊರಬರುತ್ತದೆ, ಇನ್ನು ಕೆಲವರಲ್ಲಿ ಎಲ್ಲವೂ ಚೆನ್ನಾಗಿದೆಯೆಂಬ ಸಮಾಧಾನದ ಮಾತಾಗುತ್ತದೆ. ಸರ್ಕಾರಿ ಶ್ರೇಣಿಗೂ ಜನರ ಅನಿಸಿಕೆಗೂ ಸದಾ ಹೊಂದಾಣಿಕೆ ಕಾಣದಿರುವುದಕ್ಕೆ ಇವೂ ಕಾರಣ. ಅವೆರಡೂ ಅಳೆಯುತ್ತಿರುವುದು ಒಂದೇ ವಸ್ತುವನ್ನಲ್ಲ. ಔಷಧದ ಪ್ರಮಾಣ ಸರಿಯಿತ್ತೇ, ಸೋಂಕು ನಿಯಂತ್ರಣದ ಕ್ರಮ ಪಾಲನೆಯಾಯಿತೇ ಎಂಬುದನ್ನು ಮನೆಯವರು ನಿರ್ಣಯಿಸಲಾರರು. ಅದಕ್ಕೆ ತಜ್ಞರ ತಪಾಸಣೆಯೇ ಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿ ಮೌನ. ನೋಡಲು ಯಾರೂ ಬಾರದ ವೃದ್ಧರ ಪರವಾಗಿ ಬರೆಯುವವರಿಲ್ಲ. ಬರುವವರಿರುವಲ್ಲಿಯೂ, ತಾವು ದೂರಿದರೆ ತಮ್ಮವರಿಗೆ ರಾತ್ರಿ ತೊಂದರೆಯಾದೀತೆಂಬ ಅಂಜಿಕೆಯಿಂದ ಬಾಯಿ ಬಿಗಿಹಿಡಿಯುವವರು ಅನೇಕರು. ಆದ್ದರಿಂದಲೇ ಅಮೆರಿಕದಲ್ಲಿ ಪ್ರತಿ ರಾಜ್ಯದಲ್ಲೂ ನಿವಾಸಿಗಳ ದೂರನ್ನು ಆಲಿಸಿ ಅವರ ಪರವಾಗಿ ಮಾತನಾಡುವ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. ದೂರುಗಳಿಲ್ಲದ ಸಂಸ್ಥೆಯೆಲ್ಲ ಒಳ್ಳೆಯದೆಂದು ತಿಳಿಯಬಾರದು. ಅಲ್ಲಿ ದೂರು ಹೇಳುವ ಧೈರ್ಯ ಯಾರಿಗೂ ಇಲ್ಲದಿರಬಹುದು.

ಬಾಗಿಲು ಮುಚ್ಚಿದ ಕಾಲದ ಪಾಠ

ಕೊರೋನಾ ಸಾಂಕ್ರಾಮಿಕದ ಆರಂಭದಲ್ಲಿ, 2020ರ ಮಾರ್ಚ್ 13ರಂದು, ಅಮೆರಿಕದ ಶುಶ್ರೂಷಾಲಯಗಳಿಗೆ ಸಂದರ್ಶಕರ ಪ್ರವೇಶವನ್ನು ನಿರ್ಬಂಧಿಸಲು ಕೇಂದ್ರ ಸರ್ಕಾರ ಸೂಚಿಸಿತು. ಜೀವದ ಕೊನೆಯ ಘಳಿಗೆಯಲ್ಲಿರುವವರಂತಹ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿಯಿತ್ತು. ಮಕ್ಕಳು ಕಿಟಕಿಯ ಗಾಜಿನಾಚೆ ನಿಂತು ತಾಯಿಯ ಮುಖ ನೋಡಿದರು. ಸೋಂಕನ್ನು ತಡೆಯಲು ಈ ಕ್ರಮ ಬೇಕಾಗಿತ್ತು. ಆದರೆ ಅದರೊಂದಿಗೆ ಉಣ್ಣಿಸುವ, ತಲೆ ಬಾಚುವ, ಹಿಮ್ಮಡಿಯ ಕೆಂಪನ್ನು ಗುರುತಿಸುವ ಕೈಕಣ್ಣುಗಳೂ ಹೊರಗುಳಿದವು. 2021ರ ನವೆಂಬರಿನಲ್ಲಿ ಭೇಟಿಗೆ ಮತ್ತೆ ಮುಕ್ತ ಅವಕಾಶ ದೊರೆಯಿತು. ಮನೆಯವರು ಅತಿಥಿಗಳಲ್ಲ, ಆರೈಕೆಯ ಪಾಲುದಾರರು ಎಂಬುದನ್ನು ಆ ಇಪ್ಪತ್ತು ತಿಂಗಳು ತೋರಿಸಿಕೊಟ್ಟವು.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ವೃದ್ಧರ ಶುಶ್ರೂಷಾಲಯಗಳಿಗೆ ಇಂತಹ ನಕ್ಷತ್ರ ಶ್ರೇಣಿ ಇಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಂತಹ ನಗರಗಳಲ್ಲಿ ಇವುಗಳ ಅಗತ್ಯ ಹೆಚ್ಚುತ್ತಿದೆ. ಮಕ್ಕಳು ಹೊರದೇಶದಲ್ಲಿದ್ದು, ದೂರವಾಣಿಯಲ್ಲೇ ಸಂಸ್ಥೆಯನ್ನು ಆರಿಸಬೇಕಾದ ಕುಟುಂಬಗಳೂ ಇವೆ. ಅವರಿಗೆ ಇತರ ಕುಟುಂಬಗಳ ಮಾತೇ ಮುಖ್ಯ ಆಧಾರ. ಆದ್ದರಿಂದ ಆ ಮಾತನ್ನು ವಿವೇಕದಿಂದ ಓದುವುದನ್ನೂ ಹೊಣೆಯಿಂದ ಆಡುವುದನ್ನೂ ನಾವು ಕಲಿಯಬೇಕು.

ಓದುವಾಗ: “ಬಹಳ ಚೆನ್ನಾಗಿದೆ”, “ಬಹಳ ಕೆಟ್ಟದು” ಎಂಬ ಮಾತುಗಳನ್ನು ಬದಿಗಿಡಿ. ದಿನ, ಹೊತ್ತು, ಘಟನೆ ಇರುವ ಮಾತನ್ನು ಎತ್ತಿಕೊಳ್ಳಿ. ಒಂದೇ ಸಂಗತಿಯನ್ನು ಪರಸ್ಪರ ಪರಿಚಯವಿಲ್ಲದ ಮೂರು ನಾಲ್ಕು ಕುಟುಂಬಗಳು ಹೇಳಿದ್ದರೆ ಅದಕ್ಕೆ ತೂಕವಿದೆ. ಇತ್ತೀಚಿನ ಆರು ತಿಂಗಳ ಮಾತಿಗೆ ಹೆಚ್ಚು ಬೆಲೆ ಕೊಡಿ; ಆಡಳಿತ ಬದಲಾದರೆ ಆರೈಕೆಯೂ ಬದಲಾಗುತ್ತದೆ. ಆಕ್ಷೇಪಕ್ಕೆ ಸಂಸ್ಥೆ ಹೇಗೆ ಉತ್ತರಿಸಿದೆಯೆಂಬುದನ್ನು ತಪ್ಪದೆ ನೋಡಿ. ತಪ್ಪು ಎಲ್ಲೆಡೆ ಆಗುತ್ತದೆ. ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ಸಂಸ್ಥೆ, ದೂರಿದವರನ್ನೇ ದೂಷಿಸುವ ಸಂಸ್ಥೆಗಿಂತ ಸುರಕ್ಷಿತ.

ಭೇಟಿ ನೀಡುವಾಗ: ಮುನ್ಸೂಚನೆಯಿಲ್ಲದೆ ಊಟದ ಹೊತ್ತಿನಲ್ಲಿ ಒಮ್ಮೆ, ಭಾನುವಾರ ಸಂಜೆ ಒಮ್ಮೆ ಹೋಗಿ. ಹೊದಿಕೆ ಸರಿಸಿ ಹಿಮ್ಮಡಿ, ಸೊಂಟವನ್ನು ನೋಡಿ. ನೀರು ಕೈಗೆಟುಕುತ್ತದೆಯೇ ಗಮನಿಸಿ. ತಿಂಗಳ ತೂಕದ ದಾಖಲೆಯನ್ನೂ ಔಷಧಗಳ ಪಟ್ಟಿಯನ್ನೂ ಕೇಳಿ. ಆಯಾಗಳನ್ನು, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ರಾತ್ರಿ ಒಬ್ಬರು ಎಷ್ಟು ಜನರನ್ನು ನೋಡಿಕೊಳ್ಳುತ್ತೀರಿ ಎಂದು ವಿಚಾರಿಸಿ. ನಿಮ್ಮವರನ್ನು ಏಕಾಂತದಲ್ಲಿ ಕೇಳಿ.

ಹೇಳುವಾಗ: ಕಂಡದ್ದನ್ನು ಮಾತ್ರ ಹೇಳಿ, ಕೇಳಿದ್ದನ್ನು ಸೇರಿಸಬೇಡಿ. ಮೊದಲು ಹೊಣೆ ಹೊತ್ತ ಶುಶ್ರೂಷಕಿಗೆ, ಬಳಿಕ ವ್ಯವಸ್ಥಾಪಕರಿಗೆ ಬರಹದಲ್ಲಿ ತಿಳಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಸರಿಹೋಗದಿದ್ದರೆ ಮುಂದಿನ ದಾರಿಗಳಿವೆ. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಮತ್ತು ಅದರ 2017ರ ತಿದ್ದುಪಡಿಯ ಅನ್ವಯ ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ಪ್ರಾಧಿಕಾರವಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿದೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು.

ಒಳ್ಳೆಯದನ್ನು ಕಂಡಾಗಲೂ ಹೇಳಿ. ಅನ್ಯರ ತಾಯಿಯ ಮೈ ಒರೆಸಿ, ಸೀರೆ ಸರಿಪಡಿಸಿ, ತುತ್ತು ತಿನ್ನಿಸುವ ಆಯಾಳದು ಕಡಿಮೆ ಸಂಬಳದ, ಬಹು ದೊಡ್ಡ ಕಾಯಕ. ಅವಳ ಒಳ್ಳೆಯತನವನ್ನು ನೀವು ವ್ಯವಸ್ಥಾಪಕರಿಗೆ ತಿಳಿಸಿದರೆ ಅವಳು ಅಲ್ಲಿ ಉಳಿಯಬಹುದು. ಅವಳು ಉಳಿದರೆ ನಿಮ್ಮ ತಾಯಿಗೆ ಪರಿಚಿತ ಮುಖವೊಂದು ಉಳಿದಂತೆ.

ಗುಣಮಟ್ಟದ ಕೆಲವು ಭಾಗಗಳನ್ನು ತಜ್ಞರು ಅಳೆಯಬೇಕು, ಕೆಲವನ್ನು ಲೆಕ್ಕಪತ್ರಗಳು ತೋರಿಸಬೇಕು. ಆದರೆ ನೀರು ಸಿಕ್ಕಿತೇ, ಕರೆದಾಗ ಬಂದರೇ, ಬಂದವರು ಗೌರವದಿಂದ ಮುಟ್ಟಿದರೇ ಎಂಬುದನ್ನು ಹೇಳಬಲ್ಲವರು ಹಾಸಿಗೆಯ ಮೇಲಿರುವವರು ಮತ್ತು ಅದರ ಪಕ್ಕದಲ್ಲಿ ಕುಳಿತವರು. ಈ ತಿಂಗಳು ನಿಮ್ಮ ಬಂಧುಗಳಲ್ಲಿ ಯಾರಾದರೂ ಇಂತಹ ಸಂಸ್ಥೆಯಲ್ಲಿದ್ದರೆ ಒಮ್ಮೆ ಹೋಗಿ ಬನ್ನಿ. ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಹಾಗೆಯೇ ಹಿಂದಿರುಗದೆ, ಒಂದು ತಾಸು ಅವರ ಬಳಿ ಕುಳಿತಿರಿ. ನೋಡಬೇಕಾದದ್ದು ಆ ಒಂದು ತಾಸಿನಲ್ಲಿ ಕಾಣುತ್ತದೆ.